ಚೆಂಡು ಆಮೇಲೆ, ಮೊದಲು ಆಳು: ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಬಾಕ್ಸ್ ಔಟ್ ಮತ್ತು ಡಿಫೆನ್ಸಿವ್ ರೀಬೌಂಡ್ ಕಲಿಯುವ ಬಗೆ

2017ರ ಏಪ್ರಿಲ್ 1. ಅರಿಜೋನಾದ ಗ್ಲೆಂಡೇಲ್‌ನಲ್ಲಿ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಪುರುಷರ ಫೈನಲ್ ಫೋರ್, ಅಂದರೆ ಸೆಮಿಫೈನಲ್. ನಾರ್ತ್ ಕ್ಯಾರೊಲಿನಾ 77, ಒರೆಗಾನ್ 76. ಆರು ಸೆಕೆಂಡು ಕೂಡ ಉಳಿದಿಲ್ಲ. ನಾರ್ತ್ ಕ್ಯಾರೊಲಿನಾದ ಕೆನಡಿ ಮೀಕ್ಸ್ ಎರಡು ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಶಾಟ್) ಹೊಡೆದರು, ಎರಡೂ ತಪ್ಪಿದವು. ಒರೆಗಾನ್‌ಗೆ ಬೇಕಿದ್ದದ್ದು ಒಂದೇ ರೀಬೌಂಡ್, ಅಂದರೆ ತಪ್ಪಿ ಸಿಡಿದ ಚೆಂಡನ್ನು ಹಿಡಿಯುವುದು. ಆದರೆ ಥಿಯೊ ಪಿನ್ಸನ್ ಚೆಂಡನ್ನು ಹೊರಕ್ಕೆ ತಟ್ಟಿದರು, ಅದು ಜೋಯಲ್ ಬೆರಿ ಕೈಗೆ ಹೋಯಿತು, ಒರೆಗಾನ್ ಮತ್ತೆ ಫೌಲ್ ಮಾಡಬೇಕಾಯಿತು. ಬೆರಿ ಕೂಡ ಎರಡೂ ತಪ್ಪಿಸಿದರು. ಈ ಸಲ ಮೀಕ್ಸ್ ತಾವೇ ರೀಬೌಂಡ್ ಹಿಡಿದರು. ಆಟ ಮುಗಿಯಿತು. ಸಾಲಾಗಿ ನಾಲ್ಕು ಫ್ರೀ ಥ್ರೋ ತಪ್ಪಿಸಿದ ತಂಡ ಗೆದ್ದಿತು, ಎರಡು ದಿನದ ನಂತರ ಚಾಂಪಿಯನ್ ಕೂಡ ಆಯಿತು. ಒರೆಗಾನ್‌ದು ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಕಥೆ.

ಅದೇ ಪಂದ್ಯದಲ್ಲಿ ಒರೆಗಾನ್‌ನ ಜೋರ್ಡನ್ ಬೆಲ್ 16 ರೀಬೌಂಡ್ ಹಿಡಿದಿದ್ದರು. ಅಂದರೆ ಅವರಿಗೆ ರೀಬೌಂಡ್ ಬರುತ್ತಿರಲಿಲ್ಲ ಅಂತ ಯಾರೂ ಹೇಳುವಂತಿಲ್ಲ. ಹಾಗಾದರೆ ಕೊರತೆ ಎಲ್ಲಿ? ಶಾಟ್ ಕೈಬಿಟ್ಟ ಮೇಲಿನ ಒಂದೆರಡು ಸೆಕೆಂಡಿನಲ್ಲಿ. ಆಗ ಎದುರಾಳಿಗೆ ಬೆನ್ನು ಕೊಟ್ಟು ಅವನನ್ನು ರಿಂಗಿನಿಂದ ದೂರ ತಡೆಯುವುದೇ ಬಾಕ್ಸ್ ಔಟ್. ಈ ಬರಹ ಪೂರ್ತಿ ಆ ಒಂದೆರಡು ಸೆಕೆಂಡಿನ ಬಗ್ಗೆಯೇ.

ಲೆಕ್ಕ ಮೊದಲು ಅರ್ಥ ಮಾಡಿಕೊಳ್ಳಿ

ಎನ್‌ಸಿಎಎಯ ಅತಿ ಮೇಲಿನ ದರ್ಜೆಯಾದ ಡಿವಿಷನ್ 1ರಲ್ಲಿ ಎದುರಾಳಿ ತಪ್ಪಿಸಿದ ಶಾಟ್‌ಗಳಲ್ಲಿ ಸುಮಾರು 70 ಶೇಕಡಾ ಡಿಫೆನ್ಸ್ ಪಾಲಿಗೆ ಬರುತ್ತವೆ. ಉಳಿದ 30 ಶೇಕಡಾ ಎದುರಾಳಿಗೇ ವಾಪಸ್. ಸುಮ್ನೆ ಒಟ್ಟು ರೀಬೌಂಡ್ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಎದುರಾಳಿ ಜಾಸ್ತಿ ಶಾಟ್ ತಪ್ಪಿಸಿದ ದಿನ ಯಾರಿಗಾದರೂ ಜಾಸ್ತಿ ರೀಬೌಂಡ್ ಸಿಗುತ್ತದೆ. ಆದ್ದರಿಂದ ಹೀಗೆ ನೋಡಿ: ಎದುರಾಳಿ ತಪ್ಪಿಸಿದ ಶಾಟ್‌ಗಳಲ್ಲಿ ನೀವು ಹಿಡಿದದ್ದು, ಅಂದರೆ ನಿಮ್ಮ ಡಿಫೆನ್ಸಿವ್ ರೀಬೌಂಡ್ 27, ಅವರೇ ವಾಪಸ್ ಹಿಡಿದದ್ದು, ಅಂದರೆ ಎದುರಾಳಿಯ ಆಫೆನ್ಸಿವ್ ರೀಬೌಂಡ್ 9 ಅಂದುಕೊಳ್ಳಿ. ಒಟ್ಟು 36ರಲ್ಲಿ 27, ಅಂದರೆ 75 ಶೇಕಡಾ. ಇದು ಒಳ್ಳೆಯ ದಿನ. 65ಕ್ಕೆ ಇಳಿದರೆ ಎಲ್ಲೋ ತೂತು ಬಿದ್ದಿದೆ.

ಇನ್ನೊಂದು ಲೆಕ್ಕ ಗಡಿಯಾರದ್ದು. ಶಾಟ್ ಕ್ಲಾಕ್, ಅಂದರೆ ಒಂದು ತಂಡಕ್ಕೆ ಶಾಟ್ ಹೊಡೆಯಲು ಇರುವ ಗಡುವು, 30 ಸೆಕೆಂಡು. 2019-20ರ ಸೀಸನ್‌ನಿಂದ ಪುರುಷರ ಆಟದಲ್ಲಿ ಶಾಟ್ ರಿಂಗಿಗೆ ತಾಗಿ, ಎದುರಾಳಿ ಅಲ್ಲೇ ಆಫೆನ್ಸಿವ್ ರೀಬೌಂಡ್ ಹಿಡಿದರೆ ಕ್ಲಾಕ್ 20ಕ್ಕೆ ಹೋಗುತ್ತದೆ. 28 ಸೆಕೆಂಡು ಬೆವರು ಸುರಿಸಿ ಕೆಟ್ಟ ಶಾಟ್ ಹೊಡೆಸಿದಿರಿ, ರೀಬೌಂಡ್ ಬಿಟ್ಟಿರಿ, ಮತ್ತೆ 20 ಸೆಕೆಂಡು ಡಿಫೆನ್ಸ್ ಆಡಿ. ಅದೂ ನಿಮ್ಮವರೆಲ್ಲ ಅಡ್ಡಾದಿಡ್ಡಿ ನಿಂತಿರುವಾಗ. ರಿಂಗಿನ ಪಕ್ಕದಲ್ಲೇ ರೀಬೌಂಡ್ ಸಿಕ್ಕವನಿಗೆ ಸುಲಭದ ಬುಟ್ಟಿ, ಹೊರಗೆ ಪಾಸ್ ಹೋದರೆ ಖಾಲಿ ನಿಂತವನಿಗೆ ತ್ರೀ ಪಾಯಿಂಟರ್. ಎರಡೂ ದುಬಾರಿ.

ಹಂತ 1: ಕೂಗಿ

ಶೂಟರ್ ಕೈಯಿಂದ ಚೆಂಡು ಬಿಟ್ಟ ಕ್ಷಣ ಐದೂ ಜನ "ಶಾಟ್!" ಅಂತ ಕೂಗಬೇಕು. ಇದು ಚಿಕ್ಕ ಮಕ್ಕಳ ಕೆಲಸ ಅನ್ನಿಸಬಹುದು. ಆದರೆ ಎದುರಾಳಿಗೆ ಬೆನ್ನು ಅಂಟಿಸಿಕೊಂಡು ಹೆಣಗುತ್ತಿರುವ ನಿಮ್ಮ ಸೆಂಟರ್‌ಗೆ (ರಿಂಗಿನ ಹತ್ತಿರ ಆಡುವ ಎತ್ತರದ ಆಟಗಾರ) ಶಾಟ್ ಹೋಗಿದ್ದು ಕಾಣಿಸುವುದಿಲ್ಲ, ಕೇಳಿಸುತ್ತದೆ. ಕೂಗುವ ಅಭ್ಯಾಸಕ್ಕೆ ಇನ್ನೊಂದು ಲಾಭವೂ ಇದೆ. ಬಾಯಿ ತೆರೆದರೆ ಕಾಲು ಎಚ್ಚರವಾಗುತ್ತದೆ.

ಹಂತ 2: ಕಣ್ಣು ತಿರುಗಿಸಿ

ಇದೇ ಎಲ್ಲಕ್ಕಿಂತ ಕಷ್ಟ. ನನ್ನನ್ನು ಕೇಳಿದರೆ ಬಾಕ್ಸ್ ಔಟ್ ಅನ್ನುವುದು ಸೊಂಟದ ಕೆಲಸಕ್ಕಿಂತ ಮೊದಲು ಕಣ್ಣಿನ ಕೆಲಸ. ಚೆಂಡು ಗಾಳಿಯಲ್ಲಿದ್ದಾಗ ಎಲ್ಲರ ಕಣ್ಣೂ ಅದರ ಹಿಂದೆಯೇ ಹೋಗುತ್ತದೆ. ಅದು ಮನುಷ್ಯನ ಸಹಜ ಗುಣ. ಅದನ್ನೇ ಮುರಿಯಬೇಕು. ಶಾಟ್ ಬಿಟ್ಟ ತಕ್ಷಣ ಚೆಂಡನ್ನು ಮರೆತು ನಿಮ್ಮ ಆಳು, ಅಂದರೆ ನೀವು ಕಾಯುತ್ತಿರುವ ಎದುರಾಳಿ, ಎಲ್ಲಿದ್ದಾನೆ ನೋಡಿ. ಚೆಂಡು ರಿಂಗಿಗೆ ತಲುಪಲು ಒಂದು ಸೆಕೆಂಡಿಗೂ ಜಾಸ್ತಿ ಹಿಡಿಯುತ್ತದೆ. ಅಷ್ಟರಲ್ಲಿ ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಆಳು ಓಡಿಹೋಗುತ್ತಾನೆ.

ಯಾವುದಾದರೂ ಪಂದ್ಯದ ವಿಡಿಯೊ ಹಾಕಿ, ಶಾಟ್ ಕೈಬಿಟ್ಟ ಫ್ರೇಮಿನಲ್ಲಿ ನಿಲ್ಲಿಸಿ. ಡಿಫೆನ್ಸ್‌ನ ಐದು ಮುಖ ಯಾವ ಕಡೆ ಇವೆ ನೋಡಿ. ಮೂವರಾದರೂ ರಿಂಗಿನ ಕಡೆ ಕತ್ತೆತ್ತಿ ನಿಂತಿರುತ್ತಾರೆ, ಪಟಾಕಿ ನೋಡುವವರ ಹಾಗೆ. 1983ರ ಫೈನಲ್‌ನ ಕೊನೆಯ ಕ್ಷಣವನ್ನೂ ಹೀಗೇ ನೋಡಬಹುದು. ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಡೆರೆಕ್ ವಿಟೆನ್‌ಬರ್ಗ್ ದೂರದಿಂದ ಎಸೆದ ಚೆಂಡು ರಿಂಗಿಗೂ ತಾಗಲಿಲ್ಲ. ರಿಂಗಿನ ಪಕ್ಕದಲ್ಲಿದ್ದ ಲೊರೆಂಜೊ ಚಾರ್ಲ್ಸ್ ಅದನ್ನು ಹಿಡಿದು ಒಳಗೆ ತುರುಕಿದರು. ಹ್ಯೂಸ್ಟನ್ 54-52ರಲ್ಲಿ ಸೋತಿತು. ಆ ತಂಡದಲ್ಲಿ ಮುಂದೆ ಎನ್‌ಬಿಎ ದಿಗ್ಗಜರಾದ ಹಕೀಮ್ ಒಲಾಜುವಾನ್ ಇದ್ದರು, ಕ್ಲೈಡ್ ಡ್ರೆಕ್ಸ್‌ಲರ್ ಇದ್ದರು. ಚಾರ್ಲ್ಸ್‌ಗೆ ಬೆನ್ನು ಕೊಟ್ಟು ತಡೆದವರು ಯಾರೂ ಇರಲಿಲ್ಲ.

ಹಂತ 3: ಮೊದಲು ನೀವೇ ತಾಗಿ

ಆಳು ಕಂಡ ಮೇಲೆ ಕಾಯಬೇಡಿ. ಒಂದು ಹೆಜ್ಜೆ ಅವನ ಕಡೆ ಹಾಕಿ, ಮುಂಗೈಯನ್ನು ಅಡ್ಡ ಮಾಡಿ ಅವನ ಎದೆಗೆ ಇಡಿ. ತಳ್ಳುವುದಲ್ಲ, ಇಡುವುದು. ತಳ್ಳಿದರೆ ಫೌಲ್. ಇಟ್ಟರೆ ಎರಡು ಲಾಭ: ಅವನ ಓಟದ ರಭಸ ಅಲ್ಲೇ ಸಾಯುತ್ತದೆ, ಮತ್ತು ಅವನು ಎಡಕ್ಕೆ ಹೊರಟನೋ ಬಲಕ್ಕೆ ಹೊರಟನೋ ಅನ್ನುವುದು ನಿಮ್ಮ ಕೈಗೆ ಗೊತ್ತಾಗುತ್ತದೆ. ಆಮೇಲೆ ಕಣ್ಣು ಬೇಕಾಗಿಲ್ಲ.

ಮೂರು ಹೆಜ್ಜೆ ಓಡಿ ಬಂದವನನ್ನು ನಿಂತಲ್ಲೇ ತಡೆಯಲು ಯಾರಿಂದಲೂ ಆಗದು. ಹೊರಡುವ ಮೊದಲೇ ಮುಟ್ಟಿದರೆ ನಿಮಗಿಂತ 20 ಕೆಜಿ ಜಾಸ್ತಿ ಇರುವವನೂ ನಿಲ್ಲುತ್ತಾನೆ.

ಹಂತ 4: ತಿರುಗಿ, ಕೂರಿ

ತಿರುಗುವುದು ಎರಡು ಬಗೆ. ಆಳು ನಿಮಗೆ ಹತ್ತಿರ ಇದ್ದು, ನಿಮ್ಮ ಒಂದು ಪಕ್ಕದಿಂದ ನುಗ್ಗಲು ಹೊರಟರೆ ಆ ಪಕ್ಕದ ಕಾಲನ್ನು ಊರಿ, ಇನ್ನೊಂದು ಕಾಲನ್ನು ಹಿಂದಿನಿಂದ ಸುತ್ತಿ ತನ್ನಿ. ಇದು ರಿವರ್ಸ್ ಪಿವಟ್. ಬೇಗ ಆಗುತ್ತದೆ, ಆದರೆ ಅರೆಕ್ಷಣ ಅವನು ಕಣ್ಣಿಗೆ ಬೀಳುವುದಿಲ್ಲ. ಅವನು ಸ್ವಲ್ಪ ದೂರದಲ್ಲಿದ್ದರೆ ಅವನನ್ನು ನೋಡುತ್ತಲೇ ಮುಂದಿನಿಂದ ಕಾಲು ದಾಟಿಸಿ ತಿರುಗಿ. ಇದು ಫ್ರಂಟ್ ಪಿವಟ್. ಯಾವುದು ಸರಿ ಅಂತ ಕೋಚ್‌ಗಳು ವರ್ಷಗಟ್ಟಲೆ ವಾದ ಮಾಡುತ್ತಾರೆ. ಬೇಗ ಬೆನ್ನಿಗೆ ಅವನು ಸಿಕ್ಕರೆ ಸಾಕು, ಹೇಗೆ ತಿರುಗಿದಿರಿ ಅಂತ ಸ್ಕೋರ್ ಶೀಟ್ ಕೇಳುವುದಿಲ್ಲ.

ತಿರುಗಿದ ಮೇಲೆ ಕೂರಬೇಕು. ನಿಜಕ್ಕೂ ಕುರ್ಚಿಯ ಮೇಲೆ ಕೂತ ಹಾಗೆ. ಕಾಲು ಭುಜಕ್ಕಿಂತ ಅಗಲ, ಮಂಡಿ ಬಾಗಿರಲಿ, ಭಾರ ಪಾದದ ಮುಂಭಾಗದ ಮೇಲೆ. ನಿಮ್ಮ ಹಿಂಭಾಗ ಅವನ ತೊಡೆಗೆ ಒತ್ತಿರಬೇಕು, ಹೊಟ್ಟೆಗಲ್ಲ. ಅವನ ಸೊಂಟಕ್ಕಿಂತ ನಿಮ್ಮ ಸೊಂಟ ಕೆಳಗಿದ್ದರೆ ಅವನು ಎಗರಲಾರ. ಮೊಣಕೈ ಎರಡೂ ಪಕ್ಕಕ್ಕೆ, ಭುಜದ ಮಟ್ಟದ ಹತ್ತಿರ. ಅಂಗೈ ಮೇಲೆ, ತೆರೆದು, ರೆಫರಿಗೆ ಕಾಣುವ ಹಾಗೆ. ಕೈ ಹಿಂದೆ ಹೋಗಿ ಅವನ ಸೊಂಟ ಸುತ್ತಿತೋ, ಅದು ಹೋಲ್ಡಿಂಗ್. ಕೈ ಕೆಳಗಿದ್ದರೆ ಚೆಂಡು ಬಂದಾಗ ಎತ್ತಲು ತಡವಾಗುತ್ತದೆ.

ಅವನು ಸರಿದರೆ ನೀವೂ ಸರಿಯಿರಿ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ. ಬಾಕ್ಸ್ ಔಟ್ ಅಂದರೆ ಗೋಡೆ ಅಂದುಕೊಳ್ಳುವವರು ಇಲ್ಲೇ ಸೋಲುತ್ತಾರೆ. ಗೋಡೆಯನ್ನು ಸುತ್ತಿ ಬರಬಹುದು. ನೀವು ಬಾಗಿಲು ಕಾಯುವವನ ಹಾಗೆ ಅವನ ಜೊತೆ ಓಡಾಡಬೇಕು.

ಎಲ್ಲಿ ತಡೆಯಬೇಕು ಅನ್ನುವುದೂ ಮುಖ್ಯ. ರಿಂಗಿನಿಂದ ಆರೆಂಟು ಅಡಿ ದೂರ ಒಳ್ಳೆಯದು. ರಿಂಗಿನ ಕೆಳಗಿರುವ 4 ಅಡಿಯ ಅರ್ಧವೃತ್ತ ಗೊತ್ತಲ್ಲ? ಚಾರ್ಜ್ ಫೌಲ್‌ಗಾಗಿ, ಅಂದರೆ ಚೆಂಡು ಹಿಡಿದು ನುಗ್ಗಿದವನು ನಿಂತ ಡಿಫೆಂಡರ್‌ಗೆ ಡಿಕ್ಕಿ ಹೊಡೆಯುವ ಫೌಲ್‌ಗಾಗಿ, ಎಳೆದ ಗೆರೆ ಅದು. ಆದರೆ ರೀಬೌಂಡ್‌ಗೂ ಅದನ್ನೇ ಗುರುತು ಮಾಡಿಕೊಳ್ಳಿ. ಎದುರಾಳಿ ನಿಮ್ಮನ್ನು ಅದರೊಳಗೆ ತಳ್ಳಿಕೊಂಡು ಹೋದರೆ ನಿಮ್ಮ ಬಾಕ್ಸ್ ಔಟ್ ಚೆನ್ನಾಗಿದ್ದರೂ ಲಾಭವಿಲ್ಲ. ಚೆಂಡು ನಿಮ್ಮ ತಲೆ ದಾಟಿ ಅವನ ಕೈಗೆ ಬೀಳುತ್ತದೆ.

ಹಂತ 5: ಚೆಂಡು ಎಲ್ಲಿಗೆ ಬರುತ್ತದೆ?

ಪಕ್ಕದಿಂದ ಅಥವಾ ಮೂಲೆಯಿಂದ ಹೊಡೆದ ಶಾಟ್ ತಪ್ಪಿದರೆ ಹೆಚ್ಚಾಗಿ ರಿಂಗಿನ ಆಚೆ ಬದಿಗೆ ಹೋಗುತ್ತದೆ. ಎದುರಿನಿಂದ ಹೊಡೆದದ್ದು ಹೆಚ್ಚಾಗಿ ಮುಂದಕ್ಕೇ ವಾಪಸ್ ಬರುತ್ತದೆ. ದೂರದ ಶಾಟ್‌ಗೆ ದೂರದ ರೀಬೌಂಡ್. ಎತ್ತರದ ಕಮಾನಿನಲ್ಲಿ ಬಂದದ್ದು ರಿಂಗಿನ ಹತ್ತಿರವೇ ಬೀಳುತ್ತದೆ, ಚಪ್ಪಟೆಯಾಗಿ ಬಂದದ್ದು ಸಿಡಿದು ಹೋಗುತ್ತದೆ. ಕಾಲೇಜಿನ ತ್ರೀ ಪಾಯಿಂಟ್ ಗೆರೆ ಪುರುಷರಿಗೆ 2019-20ರಲ್ಲಿ, ಮಹಿಳೆಯರಿಗೆ 2021-22ರಲ್ಲಿ 22 ಅಡಿ 1¾ ಇಂಚಿಗೆ ಸರಿಯಿತು. ಅಷ್ಟು ದೂರದಿಂದ ತಪ್ಪಿದ ಚೆಂಡು ಸೆಂಟರ್ ತಲೆಯ ಮೇಲಿಂದ ಫ್ರೀ ಥ್ರೋ ಗೆರೆಯ ತನಕ ಹಾರುತ್ತದೆ. ಅದನ್ನು ಹಿಡಿಯಬೇಕಾದವರು ರಿಂಗಿನಿಂದ ದೂರ ಆಡುವ ಗಾರ್ಡ್‌ಗಳು.

ಇದು ಕಲಿಯಬಹುದಾದ ವಿದ್ಯೆ. ಡೆನ್ನಿಸ್ ರಾಡ್‌ಮನ್ ಕಾಲೇಜು ಆಡಿದ್ದು ಸೌತ್‌ಈಸ್ಟರ್ನ್ ಓಕ್ಲಹೋಮಾ ಸ್ಟೇಟ್ ಅನ್ನುವ, ದೊಡ್ಡ ಹೆಸರಿಲ್ಲದ ಕಡೆ. ಎತ್ತರ 6 ಅಡಿ 7 ಇಂಚು. ಆಮೇಲೆ ಎನ್‌ಬಿಎಯಲ್ಲಿ ಸತತ ಏಳು ಸೀಸನ್ ರೀಬೌಂಡ್‌ನಲ್ಲಿ ಮೊದಲಿಗರಾದರು. ಬೇರೆಯವರು ಶೂಟಿಂಗ್ ಅಭ್ಯಾಸ ಮಾಡುವಾಗ ಯಾರ ಚೆಂಡು ಹೇಗೆ ತಿರುಗುತ್ತದೆ, ತಪ್ಪಿದಾಗ ಯಾವ ಕಡೆ ಸಿಡಿಯುತ್ತದೆ ಅಂತ ನಿಂತು ನೋಡುತ್ತಿದ್ದರು. ನೀವೂ ಎದುರಾಳಿ ವಾರ್ಮಪ್ ಮಾಡುವಾಗ ಐದು ನಿಮಿಷ ನೋಡಿ. ದುಡ್ಡು ಖರ್ಚಿಲ್ಲ.

ಹಂತ 6: ಬಿಡಿಸಿಕೊಂಡು ಹೋಗಿ, ಹಿಡಿಯಿರಿ

ಬಾಕ್ಸ್ ಔಟ್ ಚೆನ್ನಾಗಿ ಮಾಡಿ ಚೆಂಡನ್ನು ನೆಲಕ್ಕೆ ಬೀಳಲು ಬಿಡುವವರೂ ಇದ್ದಾರೆ. ಚೆಂಡು ರಿಂಗ್ ಬಿಟ್ಟು ಯಾವ ಕಡೆ ಹೊರಟಿತು ಅಂತ ಗೊತ್ತಾದ ಕ್ಷಣ ಆಳನ್ನು ಬಿಟ್ಟು ಅದರ ಕಡೆ ಎಗರಿ. ಎರಡು ಕಾಲಿನಿಂದ ಎಗರಿ, ಎರಡು ಕೈಯಲ್ಲಿ ಹಿಡಿಯಿರಿ, ಎಗರಿದ ಎತ್ತರದ ತುದಿಯಲ್ಲಿ ಹಿಡಿಯಿರಿ. ಒಂದು ಕೈಯಲ್ಲಿ ಹಿಡಿದದ್ದು ಫೋಟೊಗೆ ಚಂದ. ಹಿಂದಿನಿಂದ ಯಾರಾದರೂ ತಟ್ಟಿದರೆ ಹೋಯಿತು.

ಕಾಲು ಅಗಲಿಸಿ ಇಳಿಯಿರಿ. ಚೆಂಡು ಗಲ್ಲದ ಕೆಳಗೆ, ಮೊಣಕೈ ಹೊರಗೆ. ಅಲ್ಲೇ ಗಟ್ಟಿಯಾಗಿ ಇಟ್ಟುಕೊಳ್ಳಿ. ಸೊಂಟದ ಮಟ್ಟಕ್ಕೆ ಇಳಿಸಿದರೆ ಕುಳ್ಳ ಗಾರ್ಡ್ ಬಂದು ಕಿತ್ತುಕೊಳ್ಳುತ್ತಾನೆ. ಮೊಣಕೈ ಹೊರಗಿರಲಿ ಅಂದೆ, ಬೀಸಿ ಅನ್ನಲಿಲ್ಲ. ಜೋರಾಗಿ ಬೀಸಿದರೆ ಯಾರಿಗೂ ತಾಗದಿದ್ದರೂ ಚೆಂಡು ಎದುರಾಳಿಗೆ ಹೋಗುತ್ತದೆ, ತಾಗಿದರೆ ಅದಕ್ಕಿಂತ ದೊಡ್ಡ ಶಿಕ್ಷೆ.

ಆಮೇಲೆ ಹೊರಬದಿಗೆ, ಹತ್ತಿರದ ಸೈಡ್‌ಲೈನ್ ಕಡೆಗೆ, ತಿರುಗಿ ಗಾರ್ಡ್‌ಗೆ ಪಾಸ್ ಕೊಡಿ. ರಿಂಗಿನ ಕೆಳಗೆ ಮಧ್ಯಕ್ಕೆ ಪಾಸ್ ಕೊಡಬೇಡಿ.

ಕೆಲಸ ನಿಜವಾಗಿ ಕೆಡುವುದು ಇಲ್ಲಿ

ಮೇಲಿನದ್ದೆಲ್ಲ ಒಬ್ಬನ ಎದುರು ಒಬ್ಬ ನಿಂತಿದ್ದಾಗ ಸರಿ. ಆದರೆ ಪಂದ್ಯದಲ್ಲಿ ಹಾಗೆ ನಿಂತಿರುವುದು ಅಪರೂಪ. ಬಹುತೇಕ ಆಫೆನ್ಸಿವ್ ರೀಬೌಂಡ್ ಬಿಟ್ಟುಕೊಡುವುದು ಈ ಮುಂದಿನ ಸಂದರ್ಭಗಳಲ್ಲೇ, ಅದರಲ್ಲೂ ಮೊದಲನೆಯದರಲ್ಲಿ.

ಚೆಂಡಿನಿಂದ ದೂರದ ಬದಿಯಲ್ಲಿರುವ ಡಿಫೆಂಡರ್ ಸಹಾಯಕ್ಕೆ ಅಂತ ಪೇಂಟಿನೊಳಗೆ (ರಿಂಗಿನ ಮುಂದಿನ ಬಣ್ಣದ ಚೌಕ) ಒಂದು ಕಾಲು ಇಟ್ಟಿರುತ್ತಾನೆ. ಅವನ ಆಳು ಇರುವುದು ಮೂಲೆಯಲ್ಲಿ, 15 ಅಡಿ ದೂರ. ಶಾಟ್ ಹೋಗುತ್ತದೆ, ಮತ್ತು ಮೇಲೆ ಹೇಳಿದ ಹಾಗೆ ತಪ್ಪಿದ ಚೆಂಡು ಬರುವುದು ಇದೇ ಬದಿಗೆ. ಮೂಲೆಯವನು ಓಡಿ ಬರುತ್ತಾನೆ. ಡಿಫೆಂಡರ್ ರಿಂಗಿನ ಪಕ್ಕದಲ್ಲಿ ನಿಂತು "ನನ್ನದೇ ಜಾಗ ಒಳಗಿದೆಯಲ್ಲ" ಅಂದುಕೊಳ್ಳುತ್ತಾನೆ. ಓಡಿ ಬಂದವನು ಅವನ ತಲೆ ಮೇಲೆ ಎಗರಿ ಹಿಡಿಯುತ್ತಾನೆ. ಇದಕ್ಕೆ ಮದ್ದು ಒಂದೇ: ಶಾಟ್ ಕೂಗು ಕೇಳಿದ ಕೂಡಲೇ ಹೊರಗೆ ಎರಡು ಹೆಜ್ಜೆ ಹೋಗಿ ಅವನನ್ನು ದಾರಿಯಲ್ಲೇ ಭೇಟಿ ಮಾಡಿ. ರಿಂಗಿನಿಂದ ದೂರ ಹೋಗುವುದು ಮನಸ್ಸಿಗೆ ಒಗ್ಗುವುದಿಲ್ಲ. ಆದರೂ ಹೋಗಬೇಕು. ನಿಮ್ಮ ತಂಡದ ಅಭ್ಯಾಸಕ್ಕೆ ವಾರದಲ್ಲಿ ಹದಿನೈದೇ ನಿಮಿಷ ಇದ್ದರೆ ಪೂರ್ತಿ ಇದಕ್ಕೇ ಕೊಡಿ.

ಎರಡನೆಯದು, ಸಹಾಯಕ್ಕೆ ಹೋದ ಸೆಂಟರ್. ಎದುರಾಳಿ ಗಾರ್ಡ್ ನುಗ್ಗಿದಾಗ ನಿಮ್ಮ ಸೆಂಟರ್ ಬ್ಲಾಕ್ ಮಾಡಲು ಹೋಗುತ್ತಾನೆ. ಅವನ ಆಳು, ಎದುರಾಳಿಯ ಅತಿ ಎತ್ತರದವನು, ಈಗ ಖಾಲಿ. ಹತ್ತಿರದ ಗಾರ್ಡ್ ಕೆಳಗೆ ಬಂದು ಅವನನ್ನು ತಾಗಿ ನಿಲ್ಲಿಸಬೇಕು. ಆರಡಿ ಗಾರ್ಡ್ ಏಳಡಿಯವನ ಮುಂದೆ ಏನು ಮಾಡಿಯಾನು? ರೀಬೌಂಡ್ ಹಿಡಿಯುವ ಆಸೆ ಬಿಡಬೇಕು. ಅವನ ತೊಡೆಯ ಕೆಳಗೆ ಕೂತು, ಅವನು ಎಗರದ ಹಾಗೆ ನೋಡಿಕೊಂಡರೆ ಸಾಕು. ಚೆಂಡನ್ನು ಇನ್ನೊಬ್ಬ ಹಿಡಿಯುತ್ತಾನೆ, ಹೆಸರೂ ಅವನಿಗೇ ಹೋಗುತ್ತದೆ. ಇಂಥ ಗಾರ್ಡ್‌ನನ್ನು ಮರುದಿನ ವಿಡಿಯೊ ನೋಡುವಾಗ ಎಲ್ಲರ ಮುಂದೆ ಹೊಗಳದ ಕೋಚ್‌ಗೆ ಮುಂದಿನ ಪಂದ್ಯದಲ್ಲಿ ಅಂಥ ಬಾಕ್ಸ್ ಔಟ್ ಸಿಗುವುದಿಲ್ಲ.

ಹೊರಗಿನ ಆಟಗಾರರನ್ನು ಕಾಯುವವರು 20 ಅಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಅಗತ್ಯವಿಲ್ಲ. ಒಂದು ಸಲ ತಾಗಿ, ಅವನು ಹೊರಟಿಲ್ಲ ಅಂತ ಖಾತ್ರಿ ಮಾಡಿಕೊಂಡು, ಫ್ರೀ ಥ್ರೋ ಗೆರೆಯ ತುದಿಗೆ ಓಡಿ. ದೂರದ ರೀಬೌಂಡ್ ಬೀಳುವುದು ಅಲ್ಲೇ. ಶೂಟರ್‌ನನ್ನು ಮಾತ್ರ ಮರೆಯಬೇಡಿ. ಚೆಂಡು ಗಿಡ್ಡವಾಯಿತು ಅಂತ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವನಿಗೇ.

ಜೋನ್ ಡಿಫೆನ್ಸ್ ಆಡುವ ತಂಡಗಳಿಗೆ ಇದು ಹಳೆಯ ತಲೆನೋವು. ಕೋಚ್ ಜಿಮ್ ಬೋಹೈಮ್ ಅವರ ಕಾಲದ ಸಿರಾಕ್ಯೂಸ್‌ನ 2-3 ಜೋನ್ (ಮುಂದೆ ಇಬ್ಬರು, ಹಿಂದೆ ಮೂವರು) ಎಷ್ಟೋ ತಂಡಗಳನ್ನು ಕಂಗಾಲು ಮಾಡಿತು, ಆದರೆ ರೀಬೌಂಡ್ ಅದರ ದುರ್ಬಲ ಜಾಗ. ಕಾರಣ ಸರಳ: ಜೋನ್‌ನಲ್ಲಿ ನಿಮಗೆ ಜಾಗ ಇದೆ, ಆಳು ಇಲ್ಲ. ಆದ್ದರಿಂದ ಶಾಟ್ ಹೋದ ಕ್ಷಣ ಜೋನ್ ಮುಗಿಯಿತು ಅಂದುಕೊಳ್ಳಿ. ಹತ್ತಿರ ಯಾರಿದ್ದಾರೋ ಅವನೇ ನಿಮ್ಮ ಆಳು. ಹಿಂದಿನ ಮೂವರು ರಿಂಗಿನ ಸುತ್ತ ತ್ರಿಕೋನ ಮಾಡಿ, ಮುಂದಿನವರಲ್ಲಿ ಒಬ್ಬ ಫ್ರೀ ಥ್ರೋ ಗೆರೆಗೆ ಬರಲಿ.

ಫ್ರೀ ಥ್ರೋ: ಸುಲಭ ಅಂತಲೇ ಕೈತಪ್ಪುವುದು

ನಿಯಮ ಡಿಫೆನ್ಸ್ ಪರ ಇದೆ. ಎರಡೂ ಬದಿಯಲ್ಲಿ ರಿಂಗಿಗೆ ಹತ್ತಿರದ ಜಾಗ ನಿಮ್ಮದು. ಗೆರೆಯ ಉದ್ದಕ್ಕೆ ನಿಮ್ಮವರು ನಾಲ್ವರು, ಎದುರಾಳಿಗಳು ಇಬ್ಬರು. ಚೆಂಡು ಶೂಟರ್ ಕೈಬಿಟ್ಟ ತಕ್ಷಣ ಸಾಲಿನವರು ಒಳಗೆ ಕಾಲಿಡಬಹುದು. ಶೂಟರ್ ಮಾತ್ರ ಚೆಂಡು ರಿಂಗಿಗೆ ತಾಗುವ ತನಕ ಕಾಯಬೇಕು. ಇಷ್ಟೆಲ್ಲ ಇದ್ದೂ ರೀಬೌಂಡ್ ಬಿಡುವುದೆಂದರೆ ಕಣ್ಣು ಚೆಂಡಿನ ಜೊತೆ ಹೋಯಿತು ಅಂತಲೇ ಅರ್ಥ.

ಕೆಳಗಿನವರು ಎದುರಾಳಿಗೆ ಹತ್ತಿರದ ಕಾಲನ್ನು ಅವನ ಮುಂದೆ ಅಡ್ಡ ಹಾಕಿ ಪೇಂಟಿನೊಳಗೆ ಇಳಿಯಬೇಕು, ಸೊಂಟ ಅವನ ತೊಡೆಗೆ ತಾಗಬೇಕು. ನೇರ ರಿಂಗಿನ ಕಡೆ ಇಳಿದರೆ ಅವನು ಹಿಂದಿನಿಂದ ಒಳಗೆ ಬರುತ್ತಾನೆ. ಮೇಲಿನ ಇಬ್ಬರಲ್ಲಿ ಒಬ್ಬ ಶೂಟರ್‌ನನ್ನು ತಡೆಯಲಿ, ಇನ್ನೊಬ್ಬ ಎದುರಾಳಿಯನ್ನು ಆ ಬದಿಯಿಂದ ಒತ್ತಲಿ. ಯಾರು ಶೂಟರ್ ಕಡೆ ಹೋಗುವುದು ಅಂತ ಪ್ರತಿ ಸಲ ಬೆರಳು ತೋರಿಸಿ ಗಟ್ಟಿಯಾಗಿ ಹೇಳಿ. ಹತ್ತೊಂಬತ್ತು ಸಲ ಅದು ದಂಡ ಅನ್ನಿಸುತ್ತದೆ, ಇಪ್ಪತ್ತನೇ ಸಲ ಅದೇ ಪಂದ್ಯ ಉಳಿಸುತ್ತದೆ.

ಫೌಲ್ ವಿಚಾರ

"ಓವರ್ ದ ಬ್ಯಾಕ್!" ಅಂತ ಗ್ಯಾಲರಿ ಕೂಗುತ್ತದೆ. ಅಂಥ ಹೆಸರಿನ ಫೌಲ್ ನಿಯಮದಲ್ಲಿ ಇಲ್ಲ. ಉದ್ದ ಕೈಯವನು ನಿಮ್ಮನ್ನು ಮುಟ್ಟದೆ ತಲೆಯ ಮೇಲಿಂದ ಚೆಂಡು ಹಿಡಿದರೆ ಅದು ಅವನ ಹೆಚ್ಚುಗಾರಿಕೆ. ಅವನು ನಿಮ್ಮನ್ನು ತಳ್ಳಿದರೆ, ಜಾಗದಿಂದ ಕದಲಿಸಿದರೆ ಮಾತ್ರ ಫೌಲ್. ಇದೇ ಮಾತು ನಿಮಗೂ ಅನ್ವಯಿಸುತ್ತದೆ: ಸುಮ್ಮನೆ ನಿಂತವನನ್ನು ಹಿಂಭಾಗದಿಂದ ನೂಕುತ್ತಾ ನಾಲ್ಕು ಹೆಜ್ಜೆ ಹಿಂದೆ ಒಯ್ದರೆ ಫೌಲ್ ನಿಮ್ಮದೇ.

ಶಾಟ್ ಗಾಳಿಯಲ್ಲಿದ್ದಾಗ ಚೆಂಡು ಯಾವ ತಂಡದ ಹಿಡಿತದಲ್ಲೂ ಇಲ್ಲ ಅಂತ ಲೆಕ್ಕ. ಪುರುಷರ ಆಟದಲ್ಲಿ ಒಂದು ಹಾಫ್‌ನಲ್ಲಿ ಎದುರಾಳಿಯ ಏಳನೇ ಟೀಮ್ ಫೌಲ್‌ನಿಂದ ನಿಮಗೆ ಫ್ರೀ ಥ್ರೋ ಸಿಗುತ್ತದೆ. ಅಂದರೆ ಸರಿಯಾಗಿ ಕೂತು ಬಾಕ್ಸ್ ಔಟ್ ಮಾಡಿದವನನ್ನು ಹಿಂದಿನಿಂದ ತಳ್ಳಿದರೆ, ಚೆಂಡು ಹಿಡಿಯದೆಯೂ ಅವನು ಆ ಕಡೆಯ ರಿಂಗಿಗೆ ಹೋಗಿ ಪಾಯಿಂಟ್ ಗಳಿಸಬಹುದು.

ಅಭ್ಯಾಸ

ಸೆಂಟರ್ ಸರ್ಕಲ್ ಮಧ್ಯೆ ಚೆಂಡು ಇಡಿ. ಒಬ್ಬ ಒಳಗೆ, ಒಬ್ಬ ಹೊರಗೆ. ಶಿಳ್ಳೆ ಹೊಡೆದ ಮೇಲೆ ಐದು ಸೆಕೆಂಡು ಹೊರಗಿನವನು ಚೆಂಡು ಮುಟ್ಟಬಾರದು. ಐದು ಸೆಕೆಂಡು ಎಷ್ಟು ಉದ್ದ ಅಂತ ಮೊದಲ ದಿನವೇ ಗೊತ್ತಾಗುತ್ತದೆ.

ಆಮೇಲೆ ನಾಲ್ಕರ ಎದುರು ನಾಲ್ಕು. ರಿಂಗಿನ ಮೇಲೆ ಮುಚ್ಚಳ ಹಾಕಿದರೆ ಎಲ್ಲ ಶಾಟ್ ತಪ್ಪುತ್ತವೆ. ಡಿಫೆನ್ಸ್ ಸಾಲಾಗಿ ಮೂರು ರೀಬೌಂಡ್ ಹಿಡಿದರೆ ಮಾತ್ರ ಹೊರಗೆ, ಒಂದು ಬಿಟ್ಟರೆ ಮತ್ತೆ ಸೊನ್ನೆಯಿಂದ. ಶಾಟ್ ಯಾವಾಗಲೂ ಮೂಲೆಯಿಂದಲೇ ಹೊಡೆಸಿ, ದೂರದ ಬದಿಯವನಿಗೆ ಕೆಲಸ ಸಿಗುತ್ತದೆ. ಮಿಷಿಗನ್ ಸ್ಟೇಟ್‌ನ ಕೋಚ್ ಟಾಮ್ ಇಜೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಟಗಾರರಿಗೆ ಅಮೆರಿಕನ್ ಫುಟ್‌ಬಾಲ್‌ನ ಪ್ಯಾಡ್ ಹಾಕಿಸಿ ರೀಬೌಂಡ್ ಅಭ್ಯಾಸ ಮಾಡಿಸಿದವರು. ಅವರ ತಂಡ 2000ದಲ್ಲಿ ಚಾಂಪಿಯನ್. ಪ್ಯಾಡ್ ಎಲ್ಲರಿಗೂ ಬೇಕಾಗಿಲ್ಲ. ಆದರೆ ಮೈ ತಾಗಿಸಲು ಹೆದರುವ ಹೊಸಬರಿಗೆ ಆ ಹೆದರಿಕೆ ಅಭ್ಯಾಸದಲ್ಲೇ ಹೋಗಬೇಕು ಅನ್ನುವುದು ನಿಜ.

ಎತ್ತರದ ನೆಪ ಹೇಳುವವರಿಗೆ: ಮೋರ್‌ಹೆಡ್ ಸ್ಟೇಟ್‌ನ ಕೆನೆತ್ ಫರೀಡ್ 6 ಅಡಿ 8 ಇಂಚಿನವರು. 2011ರಲ್ಲಿ ಕಾಲೇಜು ಮುಗಿಸುವಾಗ 1,673 ರೀಬೌಂಡ್. ದಾಟಿದ್ದು ವೇಕ್ ಫಾರೆಸ್ಟ್‌ನ ಟಿಮ್ ಡಂಕನ್ ಅವರ 1,570ನ್ನು, ಡಂಕನ್ ಇವರಿಗಿಂತ ಮೂರು ಇಂಚು ಎತ್ತರ.

ಪಂದ್ಯ ಮುಗಿದ ಮೇಲೆ ಒಂದು ಕಾಗದ ತೆಗೆದುಕೊಳ್ಳಿ. ಎದುರಾಳಿಯ ಪ್ರತಿ ಶಾಟ್‌ಗೆ ಐದು ಚೌಕ. ಶಾಟ್ ಹೋದ ಮೇಲೆ ಆಳನ್ನು ತಾಗಿದವನ ಚೌಕಕ್ಕೆ ಟಿಕ್, ಇಲ್ಲದಿದ್ದರೆ ಖಾಲಿ. ರೀಬೌಂಡ್ ಯಾರಿಗೆ ಸಿಕ್ಕಿತು ಅಂತ ಬರೆಯಲೇ ಬೇಡಿ. ಒಳಗೆ ಬಿದ್ದ ಶಾಟ್‌ಗಳನ್ನೂ ಎಣಿಸಿ, ಯಾಕೆಂದರೆ ತಿರುಗುವಾಗ ಅದು ಬೀಳುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ ಅಲ್ವಾ? ಆ ಕಾಗದವನ್ನು ಲಾಕರ್ ರೂಮಿನ ಗೋಡೆಗೆ ಅಂಟಿಸಿ. ಮುಂದಿನ ವಾರದ ಅಭ್ಯಾಸ ಯಾವ ಹೆಸರಿನ ಮುಂದೆ ಖಾಲಿ ಚೌಕ ಜಾಸ್ತಿ ಇದೆಯೋ ಅವರಿಂದ ಶುರುವಾಗಲಿ.